ಕಟ್ಟಿದ ಗಂಟಲು, ಕೊಬ್ಬಿದ ಗೆಂಡೆ

ಮಾರ್ಚ್ 4, ಸೋಮವಾರ

ಮಾತಾಡುವಂತಿಲ್ಲ. ಪಿಸುಗುಡುವಂತೆಯೂ ಇಲ್ಲ. ಪಿಸುಮಾತು ಕೂಗಿಗಿಂತ ಕೆಟ್ಟದ್ದು ಎಂದು ಗಂಟಲಿನ ಡಾಕ್ಟರಮ್ಮ ನನ್ನ ಮುಖದ ಮುಂದೆ ಬೆರಳಾಡಿಸಿ ಹೇಳಿದರು. ಅರ್ಧ ಆಯಸ್ಸು ಮೀನು ಮಾರುಕಟ್ಟೆಯಲ್ಲಿ ಹರಾಜು ಕೂಗಿದವಳಿಗೆ ಈ ಮಾತು. ಗಂಟಲೊಳಗೆ ಬೆಳೆದಿದ್ದ ಎರಡು ಗಂಟುಗಳನ್ನು ತೆಗೆದು, ಸ್ವಲ್ಪ ದಿನ ಸುಮ್ಮನಿರಿ ಎಂದಿದ್ದರು. ಮಾರನೆಯ ದಿನವೇ ಆಸ್ಪತ್ರೆಯ ಬಾಗಿಲಲ್ಲಿ ಒಬ್ಬ ನನ್ನ ಕಾಲ ಮೇಲೆ ತಳ್ಳುಗಾಡಿ ಹಾಯಿಸಿದ. ಅವನಿಗೆ ನಾನು ಬೈದದ್ದು ಮೂರನೆಯ ಮಹಡಿಯಲ್ಲಿದ್ದ ಡಾಕ್ಟರಮ್ಮನಿಗೇ ಕೇಳಿಸಿತಂತೆ. ಗಾಯ ಬಿರಿದಿದೆ. ಈಗ ಶಿಕ್ಷೆ ಹೆಚ್ಚಾಗಿದೆ. ಅವರು ಹೇಳುವ ತನಕ ಬಾಯಿಗೆ ಬೀಗ.

ಅದಕ್ಕೇ ಈ ಡೈರಿ. ಯಾರಿಗಾದರೂ ಏನಾದರೂ ಹೇಳದೆ ಇದ್ದರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ.

ಮಾರುಕಟ್ಟೆಯಲ್ಲಿ ನನ್ನನ್ನು ಎಲ್ಲರೂ ಮೈಕಮ್ಮ ಎನ್ನುತ್ತಾರೆ. ಮೈಕು ಬೇಡದವಳು ಎಂಬ ಅರ್ಥದಲ್ಲಿ. ನಾನಿರುವ ಎರಡು ಕೋಣೆ ಮಾರುಕಟ್ಟೆಯ ಮೇಲೆಯೇ ಇವೆ. ಅಲ್ಲಿದ್ದರೆ ಕಿಟಕಿಯಿಂದಲೇ ಕೂಗಿಬಿಡುತ್ತೇನೆಂದು ತಮ್ಮ ಬಂದು, ಬಟ್ಟೆಬರೆ ಕಟ್ಟಿಸಿ, ತಾನು ಮೀನು ಸಾಕುವ ತೋಟದ ಮನೆಗೆ ಕರೆತಂದಿದ್ದಾನೆ. ದಾರಿಯುದ್ದಕ್ಕೂ ಒಬ್ಬನೇ ಮಾತಾಡಿದ. ಹುಟ್ಟಿದಾಗಿನಿಂದ ನನ್ನೆದುರು ಒಂದು ವಾಕ್ಯ ಮುಗಿಸಿದವನಲ್ಲ, ಸೇಡು ತೀರಿಸಿಕೊಳ್ಳುತ್ತಿದ್ದಾನೆ.

ಮಾರ್ಚ್ 6, ಬುಧವಾರ

ಒಂದು ಸ್ಲೇಟು, ಒಂದು ಡಬ್ಬಿ ಬಳಪ. ಸದ್ಯಕ್ಕೆ ಇದೇ ನನ್ನ ನಾಲಿಗೆ. ತಮ್ಮ ಬೇಕೆಂದೇ ತಪ್ಪು ಓದುತ್ತಾನೆ. ‘ನೀರು ಬೇಕು’ ಎಂದು ಬರೆದರೆ, “ನೀನು ಬೇಕು ಅಂತೀಯಾ? ಇಲ್ಲೇ ಇದ್ದೀನಲ್ಲ ಅಕ್ಕ” ಎನ್ನುತ್ತಾನೆ. ಸ್ಲೇಟಿನಿಂದಲೇ ತಲೆಗೆ ಕುಟ್ಟಿದೆ. ಅದನ್ನು ಮಾತ್ರ ಸರಿಯಾಗಿ ಓದಿಕೊಂಡ.

ಅವನ ಹೆಂಡತಿಯ ಕಥೆ ಬೇರೆ. ಮದುವೆಯಾಗಿ ಹನ್ನೊಂದು ವರ್ಷವಾಯಿತು. ಇಷ್ಟು ಕಾಲದಲ್ಲಿ ನನ್ನ ಈ ನಾದಿನಿ ನನ್ನ ಹತ್ತಿರ ಆಡಿದ್ದು ‘ಹೂಂ ಅತ್ತಿಗೆ’, ‘ಇಲ್ಲ ಅತ್ತಿಗೆ’, ‘ಊಟ ಆಯ್ತಾ ಅತ್ತಿಗೆ’, ಇಷ್ಟೇ. ಮೀನಿನ ಆಹಾರದ ವಿಷಯದಲ್ಲೇ ಓದಿ ಡಾಕ್ಟರೇಟ್ ಮಾಡಿದವಳು. ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಏನೋ ಪ್ರಯೋಗ ನಡೆಸುತ್ತಿದ್ದಾಳೆ. ಓದಿದ ಗರ್ವ, ಅದಕ್ಕೇ ಮಾತಿಲ್ಲ ಎಂದು ನಾನು ಮೊದಲಿನಿಂದಲೂ ತಿಳಿದಿದ್ದೇನೆ. ಈಗ ನನಗೂ ಮಾತಿಲ್ಲ. ಊಟದ ಮೇಜಿಗೆ ಇಬ್ಬರೂ ಎದುರುಬದುರು ಕೂತು ತಟ್ಟೆಯ ಜೊತೆ ಮಾತಾಡಿಕೊಂಡೆವು.

ಮಾರ್ಚ್ 9, ಶನಿವಾರ

ಬೇಸರ ತಡೆಯಲಾರದೆ ಇವತ್ತು ಅವಳ ಹಿಂದೆಯೇ ಶೆಡ್ಡಿಗೆ ಹೋದೆ. ದುಂಡನೆಯ ಸಿಮೆಂಟಿನ ತೊಟ್ಟಿಗಳು, ಪ್ರತಿಯೊಂದಕ್ಕೂ ಗಾಳಿ ಊದುವ ಕೊಳವೆ. ಎಲ್ಲ ತೊಟ್ಟಿಗಳೂ ಒಟ್ಟಿಗೆ ಗುಳುಗುಳು ಎನ್ನುತ್ತವೆ, ಗಂಟಲು ತೊಳೆದುಕೊಳ್ಳುವ ಹಾಗೆ. ಒಳಗೆ ಅಂಗೈಯುದ್ದದ ಗೆಂಡೆ ಮರಿಗಳು. ಸಾಕಿದ ಮೀನು ಎಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಹರಾಜಿನಲ್ಲಿ ಹೊಳೆಮೀನು ಮೊದಲು, ಸಾಕಿದ್ದು ಕೊನೆಗೆ.

ಇದರಲ್ಲೇನು ಪ್ರಯೋಗ ಎಂದು ಸ್ಲೇಟಿನಲ್ಲಿ ಕೇಳಿದೆ. ಅವಳು ಅಡುಗೆಮನೆಗೆ ಹೋಗಿ ಉಪ್ಪು ತಂದಳು.

“ನಾಲಿಗೆ ಚಾಚಿ ಅತ್ತಿಗೆ.”

ಮೊದಲು ಒಂದು ಹರಳು ಇಟ್ಟಳು. ಬಾಯಿ ಮುಕ್ಕಳಿಸಿದ ಮೇಲೆ ಅಷ್ಟೇ ಉಪ್ಪನ್ನು ನುಣ್ಣಗೆ ಪುಡಿ ಮಾಡಿ ಉದುರಿಸಿದಳು. “ಯಾವುದು ಬೇಗ ಉಪ್ಪಾಯ್ತು?”

ಪುಡಿಯ ಕಡೆ ಬೆರಳು ಮಾಡಿದೆ.

“ತೂಕ ಎರಡೂ ಒಂದೇ. ಆದ್ರೆ ಪುಡಿ ನಾಲಿಗೆಗೆ ಎಲ್ಲಾ ಕಡೆ ತಾಗುತ್ತೆ. ನಾನು ಖನಿಜಾನ ಇದಕ್ಕಿಂತ ಸಾವಿರಾರು ಪಾಲು ಸಣ್ಣ ಮಾಡ್ತೀನಿ. ಅದನ್ನೇ ನ್ಯಾನೋ ಕಣ ಅನ್ನೋದು. ಮೀನಿಗೂ ನಮ್ಮ ಹಾಗೇ ಸೆಲೆನಿಯಂ, ಸತು ಎಲ್ಲಾ ಚೂರು ಚೂರು ಬೇಕು. ಈಗ ಎಲ್ಲರೂ ಆಹಾರದಲ್ಲಿ ಹಾಕ್ತಾರಲ್ಲ, ಅದ್ರಲ್ಲಿ ಎಷ್ಟೋ ಮೈಗೆ ಹತ್ತದೆ ನೀರಿಗೆ ಹೋಗಿಬಿಡುತ್ತೆ. ಕಣ ಸಣ್ಣದಾದ್ರೆ ಕಮ್ಮಿ ಹಾಕಿದ್ರೂ ಮೈಗೆ ಹತ್ತಬಹುದು. ನಿಜವಾಗ್ಲೂ ಹತ್ತುತ್ತಾ, ಎಷ್ಟಾದ್ರೆ ಸರಿ, ಎಷ್ಟಾದ್ರೆ ಅತಿ, ಅದು ಗೊತ್ತಾಗ್ಬೇಕು.”

ಸೆಲೆನಿಯಂ ಕಣಗಳ ಸೀಸೆಯನ್ನು ಬೆಳಕಿಗೆ ಹಿಡಿದು ತೋರಿಸಿದಳು. ಇಟ್ಟಿಗೆ ಪುಡಿ ಕದಡಿದಂಥ ಕೆಂಪು ನೀರು. ಕಣ್ಣಿಗೆ ಕಾಣದ ಚೂರುಗಳೆಲ್ಲ ಸೇರಿ ಆ ಬಣ್ಣವಂತೆ. ಹೇಳುವಾಗ ಅವಳ ಮುಖವೂ ಅದೇ ಬಣ್ಣಕ್ಕೆ ತಿರುಗಿತ್ತು.

ಇವಳು ಇಷ್ಟುದ್ದ ಮಾತಾಡಬಲ್ಲಳೆಂದು ಇಷ್ಟು ವರ್ಷ ಯಾರೂ ನನಗೆ ಹೇಳಿರಲಿಲ್ಲ.

ಮಾರ್ಚ್ 15, ಶುಕ್ರವಾರ

ಕೆಲಸ ಸಿಕ್ಕಿದೆ. ಮೀನಿಗೆ ಊಟ ಬಡಿಸುವವಳು ನಾನು.

ಆಹಾರದ ಕಾಳುಗಳು ನಾಲ್ಕು ಬಗೆಯ ಡಬ್ಬಿಗಳಲ್ಲಿವೆ. ಹಳದಿ, ನೀಲಿ, ಬಿಳಿ, ಹಸಿರು ಮುಚ್ಚಳ. ತೊಟ್ಟಿಗಳಿಗೂ ಅದೇ ಬಣ್ಣದ ಪಟ್ಟಿ. ಒಂದಕ್ಕೆ ಖನಿಜದ ಕಣ ಇಲ್ಲವೇ ಇಲ್ಲ. ಒಂದಕ್ಕೆ ಸ್ವಲ್ಪ, ಒಂದಕ್ಕೆ ಇನ್ನಷ್ಟು, ಒಂದಕ್ಕೆ ಹೆಚ್ಚು. ಯಾವ ಬಣ್ಣಕ್ಕೆ ಎಷ್ಟು ಎಂದು ಅವಳು ಹೇಳುವುದಿಲ್ಲ. ಬಡಿಸುವವರಿಗೆ ಗೊತ್ತಾದರೆ ಒಂದು ಕೈ ಜಾಸ್ತಿ ಬಡಿಸಿಬಿಡುತ್ತಾರಂತೆ. ನನ್ನ ಮೇಲೆಯೇ ಅನುಮಾನ. ಆದರೆ ಅನುಮಾನ ನಿಜ, ಗೊತ್ತಿದ್ದರೆ ಬಡಿಸುತ್ತಿದ್ದೆ.

ತಮ್ಮನೂ ನಾನೂ ಪಂದ್ಯ ಕಟ್ಟಿದ್ದೇವೆ. ಯಾವ ಬಣ್ಣದ ಮೀನು ದಪ್ಪವಾಗುತ್ತದೋ ನೋಡೋಣ ಎಂದು. ಅವನದು ಹಳದಿ, ನನ್ನದು ಹಸಿರು. ಸೋತವರು ತೊಟ್ಟಿಗಳನ್ನೆಲ್ಲ ಉಜ್ಜಬೇಕು. ನಾದಿನಿ ನಗು ತಡೆಯಲು ಮುಖ ತಿರುಗಿಸಿದಳು. ಅಂದರೆ ನನ್ನ ಹಸಿರೇ ಇರಬೇಕು.

ಮಾರ್ಚ್ 24, ಭಾನುವಾರ

ಹಸಿರು ತೊಟ್ಟಿಯ ಮೀನುಗಳಿಗೆ ನನ್ನ ಗುರುತು ಸಿಕ್ಕಿದೆ. ತಮ್ಮ ಹೋದರೆ ತಳದಲ್ಲೇ ಇರುತ್ತವೆ. ನಾನು ಹೋದರೆ ಮೇಲೆ ಬಂದು ಬಾಯಿ ತೆರೆದು ನಿಲ್ಲುತ್ತವೆ. ತುಟಿ ಹೊರಚಾಚಿ, ಮೀಸೆ ಅಲ್ಲಾಡಿಸಿಕೊಂಡು, ಹರಾಜಿಗೆ ಬಂದ ಹೋಟೆಲಿನವರ ಹಾಗೆ.

ಮೀನಿಗೆ ಮೀಸೆ ಇರುವುದು ಗೊತ್ತಿತ್ತು. ಅದು ಅಲ್ಲಾಡುವುದನ್ನು ಮಾತ್ರ ಇಷ್ಟು ವರ್ಷದಲ್ಲಿ ಇವತ್ತೇ ನೋಡಿದ್ದು.

ಏಪ್ರಿಲ್ 2, ಮಂಗಳವಾರ

ಡಾಕ್ಟರಮ್ಮ ಗಂಟಲಿಗೆ ಕನ್ನಡಿ ಹಾಕಿ ನೋಡಿ, “ಪರವಾಗಿಲ್ಲ, ದಿನಕ್ಕೆ ಐದು ನಿಮಿಷ ಮಾತಾಡಿ. ಮೆಲ್ಲಗೆ” ಎಂದರು. ಏನಾದರೂ ಹೇಳಿ ಎಂದಾಗ ಏನು ಹೇಳಬೇಕೆಂದೇ ತಿಳಿಯಲಿಲ್ಲ. “ಗೆಂಡೆ” ಎಂದೆ. ಅದು ನನ್ನ ದನಿಯಲ್ಲ. ಎಣ್ಣೆ ಕಾಣದ ಬಾಗಿಲು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಬಂದೆ.

ಮನೆಯಲ್ಲಿ ತಮ್ಮ, “ಹೇಗಿದೆ ಹೊಸ ದನಿ, ತೋರಿಸು” ಎಂದ. ತೋರಿಸಲಿಲ್ಲ. ಸಂಜೆ ಊಟ ಹಾಕಲು ಹೋದಾಗ ಹಸಿರು ತೊಟ್ಟಿಯವರ ಮುಂದೆ ಐದು ನಿಮಿಷವನ್ನೂ ಖರ್ಚು ಮಾಡಿದೆ. ಅವುಗಳಿಗೆ ಹಳೆಯ ದನಿ ಹೇಗಿತ್ತೆಂದು ಗೊತ್ತಿಲ್ಲವಲ್ಲ. ಸಮಾಧಾನವಾಯಿತು.

ಏಪ್ರಿಲ್ 11, ಗುರುವಾರ

ನಾದಿನಿ ಅಣಕ ಮಾಡುತ್ತಾಳೆ. ಈ ವಿಷಯ ಯಾರಿಗೂ ತಿಳಿದಂತಿಲ್ಲ.

ನಾವಿಬ್ಬರೂ ತೊಟ್ಟಿಯ ಕಟ್ಟೆ ಮೇಲೆ ಕೂತು ಬಲೆ ಹೊಲಿಯುತ್ತಿದ್ದೆವು. ಅವಳ ವಿಭಾಗದ ಮುಖ್ಯಸ್ಥರು ಸಭೆಯಲ್ಲಿ ನಿದ್ದೆ ಮಾಡುತ್ತಲೇ ತಲೆಯಾಡಿಸುತ್ತಾರಂತೆ. ಒಂದು ಸಲ ಹಾಗೆ ತಲೆಯಾಡಿಸಿ ತಮ್ಮದೇ ವರ್ಗಾವಣೆಗೆ ಒಪ್ಪಿಗೆ ಕೊಟ್ಟುಬಿಟ್ಟರಂತೆ. ಎದ್ದ ಮೇಲೆ, “ಯಾರು ಹೋಗ್ತಿರೋದು?” ಎಂದು ಕೇಳಿದರಂತೆ. ಅವರ ಕನ್ನಡಕ, ಅವರ ಕೆಮ್ಮು, ಕಣ್ಣು ಮುಚ್ಚುವಾಗ ಮೊದಲು ಎಡ ರೆಪ್ಪೆ, ಆಮೇಲೆ ಬಲ ರೆಪ್ಪೆ, ಎಲ್ಲವನ್ನೂ ಮಾಡಿ ತೋರಿಸಿದಳು. ನಗಬಾರದೆಂದು ಡಾಕ್ಟರಮ್ಮ ಹೇಳಿಲ್ಲ, ಆದರೂ ಹೆದರಿ ಬಾಯಿಗೆ ಸೆರಗು ತುರುಕಿಕೊಂಡೆ. ಕಣ್ಣಲ್ಲಿ ನೀರು ಬಂತು.

ಆಮೇಲೆ ತಾನಾಗಿಯೇ ಹೇಳಿದಳು. ಈ ಪ್ರಯೋಗ ಮೊದಲ ಸಲ ಮಾಡಿದಾಗ ಕರೆಂಟು ಹೋಗಿ, ಗಾಳಿ ನಿಂತು, ಮೀನೆಲ್ಲ ಸತ್ತವಂತೆ. ಎರಡನೆಯ ಸಲ ರೋಗ ಬಂತಂತೆ. ಇದು ಮೂರನೆಯದು. ಇದೂ ಕೆಟ್ಟರೆ ಕಾಲೇಜು ತೊಟ್ಟಿಗಳನ್ನು ವಾಪಸು ಒಯ್ಯುತ್ತದೆ. “ಯಾರಿಗೂ ಹೇಳಿಲ್ಲ ಅತ್ತಿಗೆ. ಹೇಳಿದ್ರೆ ‘ಬಿಟ್ಬಿಡು’ ಅಂತಾರೆ.”

ಆ ದಿನದ ಐದು ನಿಮಿಷ ಆಗಲೇ ಮುಗಿದಿತ್ತು, ನಾನು ಏನೂ ಹೇಳುವಂತಿರಲಿಲ್ಲ. ಅವಳು ಮಾತ್ರ ಏನೋ ಒಳ್ಳೆಯ ಸಲಹೆ ಸಿಕ್ಕವಳ ಹಾಗೆ ನನ್ನ ಕೈ ಹಿಡಿದು ಎದ್ದುಹೋದಳು.

ಏಪ್ರಿಲ್ 20, ಶನಿವಾರ

ಹಸಿರು ತೊಟ್ಟಿಗಳಲ್ಲಿ ಸಾವು. ಬೆಳಿಗ್ಗೆ ಹೋದರೆ ಮೇಲೆ ಬಂದವು ಕೆಲವೇ. ಎರಡು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಉಳಿದವುಗಳ ಬಣ್ಣ ಕಪ್ಪಿಟ್ಟಿದೆ, ಕಾಳು ಬಾಯಿಗೆ ತೆಗೆದುಕೊಂಡು ಉಗುಳುತ್ತವೆ. ಬುಟ್ಟಿಗಟ್ಟಲೆ ಸತ್ತ ಮೀನು ಮಾರಿದ ಕೈ ಇದು. ಈ ಎರಡನ್ನು ಮಾತ್ರ ಒಂದೊಂದಾಗಿ ಎತ್ತಿ ಎಲೆಯ ಮೇಲೆ ಮಲಗಿಸಿದೆ.

ನಾದಿನಿ ಅವುಗಳ ಕಿವಿರು ಎತ್ತಿ ನೋಡಿದಳು, ಲಿವರು ತೆಗೆದು ಸೀಸೆಗೆ ಹಾಕಿದಳು. ಮೇಲೆ ತಾರೀಖು ಬರೆದು ಅಂಟಿಸಿದಳು. ಹಸಿರಿನಲ್ಲಿ ಏನಿದೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಹೇಳುವಂತಿದ್ದರೆ ಹೇಳುತ್ತಿದ್ದಳು.

ಏಪ್ರಿಲ್ 27, ಶನಿವಾರ

ಮಾರುಕಟ್ಟೆಯಿಂದ ತಕ್ಕಡಿ ಬಂದಿದ್ದ. ನನ್ನ ಹರಾಜು ಕಟ್ಟೆಯಲ್ಲಿ ತೂಕ ಮಾಡುವವನು, ಹಾಗಾಗಿ ಅವನಿಗೆ ಅದೇ ಹೆಸರು. ತಮ್ಮ ಹಿಂದಿನ ದಿನ ಮಾರಲು ಕಳಿಸಿದ್ದ ಮೀನೆಲ್ಲ ಅವನ ವ್ಯಾನಿನಲ್ಲೇ ವಾಪಸು ಬಂದಿತ್ತು. ಒಬ್ಬರೂ ಬೆಲೆ ಕೂಗಲಿಲ್ಲವಂತೆ.

“ಏನಂತಾರೆ ಗೊತ್ತಾ ಅಕ್ಕ? ಇಲ್ಲಿ ಮೀನಿಗೆ ಲೋಹದ ಪುಡಿ ತಿನ್ನಿಸ್ತಾರಂತೆ. ಅಯಸ್ಕಾಂತ ಹಿಡಿದ್ರೆ ಮೀನು ಎದ್ದು ಬಂದು ಅಂಟ್ಕೊಳ್ಳುತ್ತಂತೆ. ಒಬ್ಬ ನಿಜವಾಗ್ಲೂ ಅಯಸ್ಕಾಂತ ತಂದಿದ್ದ.”

“ಅಂಟಿತಾ?” ತಮ್ಮ ಕೇಳಿದ.

“ನನ್ನ ತಕ್ಕಡಿಗೆ ಅಂಟ್ತು.”

ನಗುವಂತಿರಲಿಲ್ಲ. ಕಳಿಸಿದ್ದು ಕೊಳದ ಮೀನು. ಅವಕ್ಕೂ ಶೆಡ್ಡಿನ ತೊಟ್ಟಿಗಳಿಗೂ ಸಂಬಂಧವೇ ಇಲ್ಲ. ಕೊಳದ ಮೀನು ಮಾರಾಟವಾಗದಿದ್ದರೆ ಈ ತೋಟವೇ ನಿಲ್ಲುತ್ತದೆ.

ತಕ್ಕಡಿ ಹೋದ ಮೇಲೆ ತಮ್ಮ ಹೆಂಡತಿಗೆ ಹೇಳಿದ, “ಸಾಕು ಮಾಡೋಣ. ತೊಟ್ಟಿ ಖಾಲಿ ಮಾಡಿದ್ವಿ ಅಂತ ಹೇಳಿದ್ರೆ ಜನ ಮರೀತಾರೆ.”

“ಇನ್ನು ಸ್ವಲ್ಪ ದಿನ ಅಷ್ಟೇ. ಈಗ ನಿಲ್ಲಿಸಿದ್ರೆ...”

“ಹಸಿರು ತೊಟ್ಟೀಲಿ ಹೇಗೂ ಸಾಯ್ತಿದ್ದಾವೆ. ಏನು ಉಳೀತು ಇನ್ನು?”

“ಅದೇ ಹೇಳ್ತಿದ್ದೀನಿ, ಸಾಯೋದೂ...”

“ನೀನು ಏನೇ ಹೇಳು...”

ಇವತ್ತಿನ ಐದು ನಿಮಿಷ ಬೆಳಿಗ್ಗೆ ಮೀನುಗಳಿಗೇ ಆಗಿಹೋಗಿತ್ತು. ಸ್ಲೇಟಿನ ಮೇಲೆ ‘ಅವಳ ಮಾತು ಮುಗಿಯಲಿ’ ಎಂದು ಬರೆದು ಅವನ ಮೂಗಿನ ಮುಂದೆ ಹಿಡಿದೆ.

ತಮ್ಮ ಸ್ಲೇಟು ನೋಡಿದ, ನನ್ನನ್ನು ನೋಡಿದ. “ಇದನ್ನ ನೀನು ಹೇಳ್ತಿದ್ದೀಯಾ?” ಎಂದ.

ಅದರಲ್ಲಿ ಅಷ್ಟು ಆಶ್ಚರ್ಯಪಡುವಂಥದ್ದೇನಿತ್ತೋ.

ಅವಳು ಮಾತು ಮುಗಿಸಿದಳು. ಸಾಯುವುದೂ ಫಲಿತಾಂಶವೇ, ಎಷ್ಟಾದರೆ ಅತಿ ಎಂದು ತಿಳಿಯುವುದು ಹಾಗೆಯೇ, ಅದನ್ನು ಮುಚ್ಚಿಟ್ಟು ತೊಟ್ಟಿ ತೊಳೆದರೆ ನಾಳೆ ಇನ್ನೊಬ್ಬರು ತಿಳಿಯದೆ ಅಷ್ಟೇ ಸುರಿಯುತ್ತಾರೆ ಎಂದಳು. ತಮ್ಮ ಎದ್ದು ವಾಪಸು ಬಂದ ಬುಟ್ಟಿಗಳನ್ನು ನೆರಳಿಗೆ ಎಳೆದಿಟ್ಟ. ಕೊನೆಗೆ, “ಹಾಗಾದ್ರೆ ಮಾರುಕಟ್ಟೆಯವರಿಗೆ ಇದನ್ನೇ ಹೇಳ್ಬೇಕು” ಎಂದ. ಇಬ್ಬರೂ ನನ್ನ ಕಡೆ ತಿರುಗಿದರು.

ಏಪ್ರಿಲ್ 30, ಮಂಗಳವಾರ

ಡಾಕ್ಟರಮ್ಮ ಇನ್ನಷ್ಟು ಸಡಿಲ ಬಿಟ್ಟಿದ್ದಾರೆ. ದಿನಕ್ಕೆ ಅರ್ಧ ಗಂಟೆ. ಕೂಗುವಂತಿಲ್ಲ. ಭಾನುವಾರ ಹರಾಜು ಕಟ್ಟೆಯಲ್ಲಿ ಎಲ್ಲರನ್ನೂ ಸೇರಿಸುವುದಾಗಿ ತಕ್ಕಡಿ ಒಪ್ಪಿದ್ದಾನೆ. ಮಾತಾಡುವವಳು ನಾನು. ಪ್ರಶ್ನೆ ಕೇಳಿದರೆ ಉತ್ತರ ಕೊಡುವವಳು ಅವಳು.

ತೊಂದರೆ ಏನೆಂದರೆ ಅವಳ ದನಿ ಎರಡನೆಯ ಸಾಲು ದಾಟುವುದಿಲ್ಲ. ತರಗತಿಯಲ್ಲಿ ಮುಂದೆ ಕೂತವರು ಮಾತ್ರ ಪಾಸಾಗುತ್ತಾರಂತೆ.

ಮೇ 3, ಶುಕ್ರವಾರ

ಮೂರು ದಿನದಿಂದ ನಾದಿನಿಗೆ ಕೂಗು ಕಲಿಸುತ್ತಿದ್ದೇನೆ. ನಾನು ಕೂಗದೆ ಕಲಿಸಬೇಕು, ಅದೇ ತಮಾಷೆ. ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ಉಸಿರು ಎಲ್ಲಿಂದ ಬರಬೇಕೆಂದು ತೋರಿಸಿದೆ. ಗಂಟಲಿನಿಂದ ಕೂಗಿದವರ ಗತಿ ಏನೆಂದು ನನ್ನ ಗಂಟಲನ್ನೇ ಮುಟ್ಟಿ ತೋರಿಸಿದೆ. ಮುಂದಿನವರನ್ನು ನೋಡಿ ಮಾತಾಡಬೇಡ, ಕೊನೆಯಲ್ಲಿ ಕಂಬಕ್ಕೆ ಒರಗಿ ನಿಂತವನನ್ನು ನೋಡಿ ಮಾತಾಡು ಎಂದೆ. ಅವನಿಗೆ ಕೇಳಿದರೆ ಎಲ್ಲರಿಗೂ ಕೇಳಿದಂತೆ.

ಇವತ್ತು ತಮ್ಮನನ್ನು ಕೊಳದ ಆಚೆ ದಡದಲ್ಲಿ ನಿಲ್ಲಿಸಿದೆವು.

“ಸೆಲೆನಿಯಂ” ಎಂದು ಕೂಗಿದಳು.

“ಏನು?” ಆಚೆಯಿಂದ ಬಂತು.

“ಸೆಲೆನಿಯಂ.”

“ಯಾವ ನಿಯಮ?”

“ನಿಯಮ ಅಲ್ಲ, ಸೆ-ಲೆ-ನಿ-ಯಂ.”

“ಸರಿ ಸರಿ, ನಿಯಮ ಪಾಲಿಸ್ತೀನಿ, ಊಟಕ್ಕೆ ಬರ್ಲಾ?”

ಅವಳಿಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಬಂದ ದನಿ ನೀರಿನ ಮೇಲೆ ಹಾದು ಹೋಗಿ ಆಚೆ ದಡದ ಕೊಕ್ಕರೆಯನ್ನು ಎಬ್ಬಿಸಿತು. ತಾನೇ ಬೆಚ್ಚಿ ಬಾಯಿ ಮುಚ್ಚಿಕೊಂಡಳು. ತಮ್ಮ ಆಚೆಯಿಂದ ಎರಡೂ ಕೈ ಎತ್ತಿ ಶರಣಾದ. ಆಮೇಲೆ ಅವಳು ಕೂಗಿದ್ದೇ ಕೂಗಿದ್ದು. ಸತು, ತಾಮ್ರ, ಪ್ರೋಟೀನು, ಅವನ ಸಾಕ್ಸು ಎಲ್ಲೆಲ್ಲಿ ಬಿದ್ದಿರುತ್ತದೆ, ಎಲ್ಲ.

ಮೇ 5, ಭಾನುವಾರ

ಕಟ್ಟೆ ತುಂಬಿತ್ತು. ಹೋಟೆಲಿನವರು, ಬುಟ್ಟಿಯಲ್ಲಿ ಹೊತ್ತು ಮಾರುವ ಹೆಂಗಸರು, ಐಸು ತರುವವರು. ನಾನು ಕಾಣಿಸಿದ ಕೂಡಲೇ “ಮೈಕಮ್ಮ ಬಂದ್ರು” ಎಂದು ಸೀಟಿ ಹೊಡೆದರು. ನನ್ನ ಹಳೆಯ ಜಾಗದಲ್ಲಿ ನಿಂತೆ. ನಾದಿನಿ ಬರೆದುಕೊಟ್ಟದ್ದೆಲ್ಲ ಬಾಯಿಪಾಠವಾಗಿತ್ತು, ಅರ್ಧ ಗಂಟೆ ಪೂರ್ತಿ ಉಳಿಸಿಕೊಂಡಿದ್ದೆ. ಪಕ್ಕದಲ್ಲಿ ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತಿದ್ದಳು. ಕಣ್ಣು ಮಾತ್ರ ಹಿಂದಿನ ಕಂಬದ ಮೇಲಿತ್ತು.

“ಈ ಕೆಲಸ ಮಾಡಿರೋಳು ಇವಳು. ಇವಳೇ ಹೇಳ್ತಾಳೆ, ಕೇಳಿ” ಎಂದೆ. ಕೂತುಬಿಟ್ಟೆ.

ಮೊದಲ ಮಾತಿಗೆ ದನಿ ಒಡೆಯಿತು. ಎರಡನೆಯದಕ್ಕೆ ಸರಿಹೋಯಿತು. ಶೆಡ್ಡಿನ ತೊಟ್ಟಿಯಿಂದ ಒಂದು ಮೀನೂ ಮಾರುಕಟ್ಟೆಗೆ ಬಂದಿಲ್ಲ, ಬರುವುದೂ ಇಲ್ಲ, ಕೊಳದ ಮೀನು ಎಲ್ಲರೂ ಹಾಕುವ ಆಹಾರವನ್ನೇ ತಿನ್ನುತ್ತವೆ ಎಂದಳು. ಉಪ್ಪಿನ ಹರಳು ಮತ್ತು ಪುಡಿ ತಂದಿದ್ದಳು. ಮುಂದೆ ನಿಂತಿದ್ದ ಐಸಿನವನ ನಾಲಿಗೆ ಚಾಚಿಸಿದಳು. ಜನ ನಕ್ಕರು.

ಆಮೇಲೆ ಯಾರೂ ಕೇಳದೆ ತಾನೇ ಹೇಳಿದಳು. “ಒಂದು ಬಣ್ಣದ ತೊಟ್ಟಿಗಳಲ್ಲಿ ಮೀನು ಸತ್ತಿವೆ. ನಾನು ಅದನ್ನ ಮುಚ್ಚಿಡಲ್ಲ. ಎಲ್ಲಿ ತನಕ ಒಳ್ಳೇದು, ಎಲ್ಲಿಂದ ಕೆಟ್ಟದ್ದು ಅಂತ ಹುಡುಕೋಕೇ ಈ ಕೆಲಸ ಮಾಡ್ತಿರೋದು.”

ಮುಂದಿನ ಸಾಲಿನ ಹೆಂಗಸೊಬ್ಬಳು ಬುಟ್ಟಿ ಎತ್ತಿಕೊಂಡಳು. ಕೆಟ್ಟಿತು ಕೆಲಸ ಎಂದುಕೊಂಡೆ. ಹಿಂದಿನ ಕಂಬದ ಹತ್ತಿರದಿಂದ ಹೋಟೆಲಿನ ದಪ್ಪ ಅಡುಗೆಯವನು ಕೇಳಿದ, “ಆ ತೊಟ್ಟಿ ಮೀನು ನೀವು ತಿಂತೀರೇನಮ್ಮ?”

“ಈಗ ತಿನ್ನಲ್ಲ. ಮಾಂಸದ ಪರೀಕ್ಷೆ ಮಾಡಿಸ್ತೀನಿ. ಸರಿ ಇದೆ ಅಂತ ವರದಿ ಬಂದ್ರೆ ಮೊದಲು ತಿನ್ನೋಳು ನಾನೇ.”

ಅವನು ತಲೆಯಾಡಿಸಿದ. “ತಿಂತೀನಿ ಅಂದಿದ್ರೆ ನಾನು ನಂಬ್ತಿರ್ಲಿಲ್ಲ” ಎಂದ. “ನಾಳೆ ಕೊಳದ ಮೀನು ತನ್ನಿ, ನನಗೆ ಎರಡು ಬುಟ್ಟಿ.”

ವ್ಯಾನಿನಲ್ಲಿ ಬರುವಾಗ ನಾದಿನಿ ತಮ್ಮನ ಭುಜದ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಅರ್ಧ ಗಂಟೆ ಹಾಗೇ ಉಳಿದಿದೆ. ಅದನ್ನು ಏನು ಮಾಡುವುದೋ ತಿಳಿಯಲಿಲ್ಲ. ದನಿ ಹೋದರೂ ತೋಟದ ದುಡಿಮೆ ಹೋಗಬಾರದೆಂದು ಅಷ್ಟೆಲ್ಲ ಬಾಯಿಪಾಠ ಮಾಡಿದ್ದೆ, ಹತ್ತು ಮಾತೂ ಆಡಲಿಲ್ಲ. ಆದರೂ ಯಾಕೋ ಹೊಟ್ಟೆ ಉಬ್ಬರಿಸಲಿಲ್ಲ.

ಮೇ 6, ಸೋಮವಾರ

ಕೊಳದ ಮೀನು ಒಂದೂ ಉಳಿಯದೆ ಹೋಯಿತು. ತಮ್ಮ ಖಾಲಿ ಬುಟ್ಟಿಗಳನ್ನು ತಲೆಗೆ ಹಾಕಿಕೊಂಡು ಅಂಗಳದಲ್ಲಿ ಕುಣಿದ.

ಮೇ 18, ಶನಿವಾರ

ಪ್ರಯೋಗ ಮುಗಿಯಿತು. ಬೆಳಗಿನಿಂದ ಬಲೆ ಹಾಕಿ, ಒಂದೊಂದೇ ಮೀನು ಎತ್ತಿ, ತೂಗಿ, ಉದ್ದ ಅಳೆದು ಮುಗಿಸಿದೆವು. ತೂಕಕ್ಕೆಂದು ತಕ್ಕಡಿ ತಾನಾಗಿಯೇ ಬಂದಿದ್ದ. ನನ್ನ ಜಾರುಗೈಯಿಂದ ಒಂದು ಗೆಂಡೆ ಹಾರಿ ಅವನ ಅಂಗಿಯೊಳಗೆ ಹೋಯಿತು. ಅಂಗಿ ಬಿಚ್ಚುವಷ್ಟರಲ್ಲಿ ಅವನು ಅರ್ಧ ಶೆಡ್ಡು ಸುತ್ತಿದ್ದ.

ಊಟವಾದ ಮೇಲೆ ನಾದಿನಿ ಬಣ್ಣಗಳ ಗುಟ್ಟು ಬಿಚ್ಚಿದಳು. ಬಿಳಿಗೆ ಏನೂ ಇಲ್ಲ. ಹಳದಿಗೆ ನಡುವಿನದು. ನನ್ನ ಹಸಿರಿಗೆ ಎಲ್ಲಕ್ಕಿಂತ ಹೆಚ್ಚು. ಮೊದಮೊದಲು ಅವು ಚುರುಕಾಗಿ ಬೆಳೆದದ್ದೂ ನಿಜ, ಆಮೇಲೆ ತಾಳಲಾರದೆ ಸೊರಗಿದ್ದೂ ನಿಜ. ಎಲ್ಲಕ್ಕಿಂತ ದಪ್ಪವಾಗಿ, ಒಂದೂ ಸಾಯದೆ ಬೆಳೆದದ್ದು ನೀಲಿ. ಕಣ ಬೆರೆಸಿದ ಮೂರರಲ್ಲಿ ಎಲ್ಲಕ್ಕಿಂತ ಕಮ್ಮಿ ಇದ್ದದ್ದು ಅವಕ್ಕೆ.

ನೀಲಿಯನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಗದ್ದಲ ಮಾಡದೆ ಬಂದು, ತಿಂದು, ಹೋಗುತ್ತಿದ್ದವು.

“ಹಾಗಾದ್ರೆ ಗೆದ್ದೋರು ಯಾರು?” ಎಂದ ತಮ್ಮ.

“ನಾನು” ಎಂದಳು ನಾದಿನಿ. “ಉಜ್ಜಿ ಇಬ್ಬರೂ.”

ಉಜ್ಜಿದೆವು. ಅವಳು ಕುರ್ಚಿ ಹಾಕಿಸಿಕೊಂಡು, ಕಾಲ ಮೇಲೆ ಕಾಲು ಹಾಕಿ, ‘ಅಲ್ಲಿ ಪಾಚಿ ಉಳೀತು, ಇಲ್ಲಿ ಉಳೀತು’ ಎಂದು ಹೊಟ್ಟೆಯಿಂದ ಉಸಿರು ತೆಗೆದು ಕೂಗುತ್ತಿದ್ದಳು. ಇಡೀ ಶೆಡ್ಡು ಗುಂಯ್‌ಗುಟ್ಟಿತು. ಚೆನ್ನಾಗಿ ಕಲಿತಿದ್ದಾಳೆ.

ಜೂನ್ 1, ಶನಿವಾರ

ವರದಿ ಬಂತು. ನೀಲಿ ಮೀನಿನ ಮಾಂಸದಲ್ಲಿ ಎಲ್ಲವೂ ಇರಬೇಕಾದಷ್ಟೇ ಇದೆ, ತಿನ್ನಬಹುದು. ಹಸಿರಿನವುಗಳನ್ನು ನಿಯಮದ ಪ್ರಕಾರ ಆಗಲೇ ಹೂತಾಗಿದೆ. ಹೂಳುವಾಗ ನಾನೂ ನಾದಿನಿಯೂ ಪಕ್ಕದಲ್ಲಿ ನಿಂತಿದ್ದೆವು.

ಹೋಟೆಲಿನ ಅಡುಗೆಯವನಿಗೆ ಹೇಳಿಕಳಿಸಿದೆವು. ತನ್ನದೇ ಬಾಣಲೆ ಹಿಡಿದು ಬಂದ. ನಮ್ಮನ್ನೆಲ್ಲ ಅಡುಗೆಮನೆಯಿಂದ ಹೊರಗೆ ಹಾಕಿ, ಉಪ್ಪು ಸವರಿ ಹುರಿದ. ಮಾತು ಕೊಟ್ಟಿದ್ದ ಹಾಗೆ ಮೊದಲ ತುಂಡು ನಾದಿನಿ ತಿಂದಳು. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದೆವು. ಅವಳು ನಿಧಾನವಾಗಿ ಅಗಿದು, ಕಣ್ಣು ಮುಚ್ಚಿ, ಮೊದಲು ಎಡ ರೆಪ್ಪೆ ಆಮೇಲೆ ಬಲ ರೆಪ್ಪೆ, ತಲೆಯಾಡಿಸಿದಳು. ನನಗೊಬ್ಬಳಿಗೇ ಅರ್ಥವಾಯಿತು. ನಗು ಬಂದು, ಕುಡಿಯುತ್ತಿದ್ದ ನೀರು ನೆತ್ತಿಗೇರಿತು.

“ಒಂದು ಸಲ ಸರಿಯಾಗಿ ಬಂತು ಅಂದ ಮಾತ್ರಕ್ಕೆ ಆಗಲ್ಲ ಅತ್ತಿಗೆ” ಎಂದಳು ಪಾತ್ರೆ ತೊಳೆಯುವಾಗ. “ಮತ್ತೆ ಮಾಡಿ ನೋಡ್ಬೇಕು. ಕಾಲೇಜಿನೋರು ತೊಟ್ಟಿ ಇಲ್ಲೇ ಇರ್ಲಿ ಅಂದ್ರು.”

ಹೇಳುತ್ತಾ ಹೇಳುತ್ತಾ ತಟ್ಟೆಯೊಂದನ್ನು ಮೂರು ಸಲ ತೊಳೆದಳು. ನಾನು ಮೂರು ಸಲವೂ ಒರೆಸಿದೆ.

ಜೂನ್ 10, ಸೋಮವಾರ

ಮೊನ್ನೆ ಡಾಕ್ಟರಮ್ಮ ಬಿಡುಗಡೆ ಕೊಟ್ಟರು. ಇನ್ನು ಮೇಲೆ ಹರಾಜಿಗೆ ಮೈಕು ಇಟ್ಟುಕೊಳ್ಳಬೇಕೆಂಬ ಷರತ್ತಿನ ಮೇಲೆ. ಮೈಕಮ್ಮನಿಗೆ ಮೈಕು. ಮಾರುಕಟ್ಟೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ದನಿ ಈಗ ದಪ್ಪ, ಸ್ವಲ್ಪ ಗೊಗ್ಗರು. ಅಭ್ಯಾಸವಾಗುತ್ತದೆ.

ನಿನ್ನೆ ಮಾರುಕಟ್ಟೆಯ ಮೇಲಿನ ನನ್ನ ಕೋಣೆಗೆ ವಾಪಸು ಬಂದೆ. ಇವತ್ತು ಮೊದಲ ದಿನದ ಹರಾಜು ಚೆನ್ನಾಗಿ ಆಯಿತು. ಮುಗಿದ ಮೇಲೆ ತಕ್ಕಡಿ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ, “ಅಕ್ಕ, ಇನ್ನೂ ಹುಷಾರಾಗಿಲ್ವಾ?”

“ಯಾಕೋ?”

“ಇವತ್ತು ಪ್ರತಿಯೊಬ್ಬರ ಮಾತೂ ಮುಗಿಯೋ ತನಕ ಕಾ‍ಯ್ತಿದ್ರಿ. ಬುಟ್ಟಿ ಹೆಂಗಸು ತನ್ನ ಮಗಳ ಸುದ್ದಿ ಎಲ್ಲಾ ಹೇಳಿದ್ಲು, ಕೂತು ಕೇಳಿದ್ರಿ. ಜನ ಹೆದರ್ಕೊಂಡಿದ್ದಾರೆ.”

ಏನೇನೋ ಮಾತಾಡುತ್ತಾನೆ. ಬೆಲೆ ಕೇಳಬೇಕಾದರೆ ಅವರು ಹೇಳುವ ತನಕ ಕಾಯಬೇಡವೇ? ಆ ಹೆಂಗಸಿನ ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿದೆಯಂತೆ. ಒಳ್ಳೆಯ ಸುದ್ದಿ, ಅರ್ಧಕ್ಕೇ ಹೇಗೆ ಬಿಡುವುದು?

ಸಂಜೆ ನಾದಿನಿ ಫೋನು ಮಾಡಿದಳು. ಹೊಸ ಮರಿಗಳು ಬಂದಿವೆಯಂತೆ, ಬೆರಳುದ್ದ, ಇನ್ನೂ ಮೀಸೆಯೂ ಸರಿಯಾಗಿ ಮೂಡಿಲ್ಲವಂತೆ. ಈ ಸಲ ನೀಲಿಗಿಂತಲೂ ಕಮ್ಮಿ ಹಾಕಿ ನೋಡುತ್ತಾಳಂತೆ. ತಮ್ಮ ಕಾಳು ಹಾಕಲು ಹೋದರೆ ಒಂದೂ ಮೇಲೆ ಬರುವುದಿಲ್ಲವಂತೆ, ಭಾನುವಾರ ಬರುತ್ತೀರಾ ಎಂದು ಕೇಳಿದಳು. ಮುಖ್ಯಸ್ಥರು ಅವಳ ವರದಿ ಓದುತ್ತಾ ಎಚ್ಚರವಾಗಿಯೇ ಇದ್ದರಂತೆ, ಅದನ್ನಂತೂ ಎರಡು ಸಲ ಹೇಳಿಸಿಕೊಂಡೆ. ಕಿಟಕಿಯ ಹೊರಗೆ ಕತ್ತಲಾಗುವ ತನಕ ಮಾತು ನಡೆಯಿತು.

ಫೋನು ಇಟ್ಟು ದೀಪ ಹಾಕುವಾಗ ನೆನಪಾಯಿತು. ಹರಾಜು ಹೇಗಾಯಿತೆಂದು ನಾನು ಹೇಳಲೇ ಇಲ್ಲ. ಭಾನುವಾರ ಹೇಳಿದರಾಯಿತು.